ನಾಲ್ಕು ಲಘುವಿನ ವಿಳಾಸ

ನಮ್ಮ ಮನೆ ಇರುವುದು ಶಿವಮೊಗ್ಗದ ಹೊಸಮನೆಯಲ್ಲಿ. ಈ ವಾಕ್ಯ ಬರೆಯುವುದಕ್ಕೆ ನನಗೆ ಹತ್ತು ಸೆಕೆಂಡೂ ಹಿಡಿಯಲಿಲ್ಲ. ಬಾಯಲ್ಲಿ ಹೇಳು ಅಂದರೆ ಮಾತ್ರ ಎಷ್ಟು ಹೊತ್ತಾದೀತು ಅಂತ ನನಗೇ ಗೊತ್ತಿಲ್ಲ. ‘ಹೊ’ ಅನ್ನುವುದಕ್ಕೆ ತುಟಿ ದುಂಡಗಾಗುತ್ತದೆ, ಉಸಿರೂ ಹೊರಡುತ್ತದೆ, ದನಿ ಮಾತ್ರ ಗಂಟಲಲ್ಲೇ ಕೂತುಬಿಡುತ್ತದೆ. ಎದುರಿಗಿರುವವರು ನನ್ನ ತುಟಿಯನ್ನೇ ನೋಡುತ್ತಾ ನಿಂತಿರುತ್ತಾರೆ. ಕೆಲವರು ಪಾಪ, ಸಹಾಯ ಮಾಡೋಣ ಅಂತ ‘ಹೊಳೆಹೊನ್ನೂರಾ? ಹೊಸನಗರಾನಾ?’ ಅಂತ ಜಿಲ್ಲೆಯ ಅರ್ಧ ಊರುಗಳ ಹೆಸರು ಹೇಳಿ ಮುಗಿಸುತ್ತಾರೆ.

ನನಗೆ ಉಗ್ಗು. ನೂರು ಜನರಲ್ಲಿ ಒಬ್ಬರಿಗೆ ಇರುತ್ತದಂತೆ. ನಮ್ಮ ಬೀದಿಯ ನೂರು ಜನರ ಪೈಕಿ ಆ ಒಬ್ಬ ನಾನು.

ಉಗ್ಗುವವರೆಲ್ಲ ಒಂದೊಂದು ನಡೆದಾಡುವ ನಿಘಂಟು. ಬಾಯಿಗೆ ಬರದ ಶಬ್ದ ಎರಡು ಹೆಜ್ಜೆ ದೂರದಲ್ಲಿದೆ ಅನ್ನುವಾಗಲೇ ನಮಗೆ ಅದರ ವಾಸನೆ ಹತ್ತುತ್ತದೆ, ತಕ್ಷಣ ಬೇರೆ ಶಬ್ದ ಹುಡುಕಿ ದಾರಿ ಬದಲಿಸುತ್ತೇವೆ. ‘ಹಾಲು’ ಬರಲಿಲ್ಲವಾ, ‘ಒಂದು ನಂದಿನಿ ಕೊಡಿ’. ‘ಪುಸ್ತಕ’ ಬರಲಿಲ್ಲವಾ, ‘ಬುಕ್ಕು’. ಆಡುವ ಮಾತಿನ ಅರ್ಧದಷ್ಟು ನಾವು ಆಡಬೇಕು ಅಂದುಕೊಂಡದ್ದೇ ಆಗಿರುವುದಿಲ್ಲ. ಆದರೆ ಎರಡಕ್ಕೆ ಮಾತ್ರ ಪರ್ಯಾಯ ಪದ ಇಲ್ಲ. ಒಂದು ನಮ್ಮ ಹೆಸರು, ಇನ್ನೊಂದು ನಮ್ಮ ವಿಳಾಸ. ಹೈಸ್ಕೂಲಿನಲ್ಲಿದ್ದಾಗ ಸಿಟಿ ಬಸ್ಸಿನ ಕಂಡಕ್ಟರ್ ‘ಎಲ್ಲಿಗೆ?’ ಅಂದರೆ, ನಾಲಗೆಗೆ ಸುಲಭವಾದ ಮುಂದಿನ ಯಾವುದೋ ಸ್ಟಾಪಿನ ಹೆಸರು ಹೇಳಿ, ಅಲ್ಲಿ ಇಳಿದು, ಬ್ಯಾಗು ಹೊತ್ತುಕೊಂಡು ಹಿಂದಕ್ಕೆ ನಡೆದು ಬರುತ್ತಿದ್ದೆ. ತಡವಾಯ್ತಲ್ಲೋ ಅಂತ ಅಮ್ಮ ಕೇಳಿದರೆ ಬಸ್ಸು ಸಿಗಲಿಲ್ಲ ಅನ್ನುತ್ತಿದ್ದೆ. ಸುಳ್ಳು ಹೇಳುವಾಗ ಉಗ್ಗು ಬರುವುದಿಲ್ಲ ಅಂತಲ್ಲ. ‘ಬಸ್ಸು’ ನನಗೆ ಸಲೀಸು, ಅಷ್ಟೇ.

ಇದಕ್ಕೂ ಫ್ರೆಂಚಿಗೂ ಏನು ಸಂಬಂಧ ಅಂತ ಕೇಳುತ್ತೀರಿ. ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ. ನನ್ನ ಮಾತು ಕೇಳುವವರಿಗೆ ಅದು ಹೇಗೂ ಬೇಕು.

ನಾನೂ ನನ್ನ ಹೆಂಡತಿಯೂ ಬೆಂಗಳೂರಿನ ಬಹಳ ಜನರ ಹಾಗೆ ಕೆನಡಾಕ್ಕೆ ಅರ್ಜಿ ಹಾಕಿದವರು. ಅಲ್ಲಿ ಎಲ್ಲಕ್ಕೂ ಅಂಕ. ವಯಸ್ಸು ಹೆಚ್ಚಾದ ಹಾಗೆ ಅಂಕ ಇಳಿಯುತ್ತದೆ, ಓದಿಗೆ ಏರುತ್ತದೆ. ಇಂಗ್ಲಿಷ್ ಐದನೇ ಮಟ್ಟದ ಮೇಲಿದ್ದು, ಫ್ರೆಂಚಿನ ಓದು, ಬರಹ, ಕೇಳುವುದು, ಮಾತು ನಾಲ್ಕರಲ್ಲೂ ಏಳನೇ ಮಟ್ಟ ಮುಟ್ಟಿದರೆ 50 ಅಂಕ ಹೆಚ್ಚುವರಿ ಸಿಗುತ್ತದೆ. 2023ರಿಂದ ಫ್ರೆಂಚ್ ಬಲ್ಲವರನ್ನೇ ಬೇರೆಯಾಗಿ ಆರಿಸುವ ಪದ್ಧತಿಯೂ ಶುರುವಾಯಿತು. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಆಗಿನಿಂದ ‘ಬೋಂಜೂರ್’ ಕೇಳಿಸತೊಡಗಿತು. ನಾಲ್ಕರಲ್ಲಿ ಮೂರು ನನಗೆ ಕಷ್ಟವಲ್ಲ. ಮಾತಿನ ಪರೀಕ್ಷೆ ಅಂದಾಗ ಹೊಟ್ಟೆ ತೊಳಸಿತು. ಕನ್ನಡದಲ್ಲೇ ಮನೆ ವಿಳಾಸ ಹೇಳಲಾಗದವನು ಫ್ರೆಂಚಿನಲ್ಲಿ ಹದಿನೈದು ನಿಮಿಷ ಮಾತಾಡಬೇಕು.

ಜುಲೈನಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಹೇಳಿ ಹೊಸಮನೆಗೆ ಬಂದೆ. ಅಪ್ಪ ಹೋದಮೇಲೆ ಅಮ್ಮ ಒಬ್ಬರೇ ಇರುವುದು. ಹೊರಗೆ ಮಳೆ ಬಿಡದೆ ಹೊಯ್ಯುತ್ತಿತ್ತು. ತುಂಗೆಯ ಮಂಟಪ ಮುಳುಗಿತಂತೆ ಅಂತ ಹಾಲಿನವನು ಬೆಳಗ್ಗೆ ಸುದ್ದಿ ತಂದಿದ್ದ. ಸಂಜೆ ಆರಕ್ಕೆ ಆನ್‌ಲೈನ್ ಕ್ಲಾಸು. ಟೀಚರ್ ಪುದುಚೇರಿಯವರು, ಅವರ ಅಜ್ಜಿಯ ಕಾಲಕ್ಕೆ ಮನೆಯಲ್ಲೇ ಫ್ರೆಂಚ್ ಇತ್ತಂತೆ. ಮೊದಲ ದಿನವೇ ಅವರಿಗೆ ಚಾಟ್‌ನಲ್ಲಿ ಬರೆದು ಹೇಳಿದ್ದೆ: ನನಗೆ ಉಗ್ಗು ಇದೆ, ದಯವಿಟ್ಟು ಕಾಯಿರಿ. ಅವರು ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿದರು, ಆಮೇಲೆ ಆ ವಿಷಯ ಎತ್ತಲೇ ಇಲ್ಲ.

ಅವತ್ತಿನ ಪಾಠ ಕ್ರಿಯಾಪದದ ಉದ್ದುದ್ದ ರೂಪಗಳು. ಪರದೆಯ ಮೇಲೆ ಒಂದು ಶಬ್ದ ಹಾಕಿದರು. ಎಣಿಸಿದೆ, ಹದಿನೈದು ಅಕ್ಷರ. ‘ಅವರು ಕೆಲಸ ಮಾಡಿಯಾರು’ ಅನ್ನುವಾಗಿನ ‘ಮಾಡಿಯಾರು’ ಇದೆಯಲ್ಲ, ಆ ಥರದ ರೂಪ. ನಾನು ಕನ್ನಡದವನು ಓದುವ ಹಾಗೆ ಓದಿದೆ. ಬರೆದದ್ದನ್ನೆಲ್ಲ ಗೌರವದಿಂದ ಉಚ್ಚರಿಸುವುದು ನಮ್ಮ ಅಭ್ಯಾಸ ತಾನೇ? ‘ತ್ರಾವೈಲ್ಲೆರೈಎಂಟ್.’ ಟೀಚರ್ ನಕ್ಕರು, ಕೆಟ್ಟದಾಗಿ ಅಲ್ಲ.

‘ಅದು ಬರೀ ತ್ರಾ-ವಾಯ್-ರೆ. ಮೂರೇ ಮೂರು.’

ಹದಿನೈದು ಅಕ್ಷರ ಬರೆದು ಮೂರು ಸಲ ಬಾಯಿ ತೆರೆಯುವುದು! ಕೊನೆಯಲ್ಲಿ ಎ, ಐ, ಇ, ಎನ್, ಟಿ ಅಂತ ಐದು ಅಕ್ಷರ ಸಾಲಾಗಿ ನಿಂತಿವೆ. ಐದೂ ಸೇರಿ ಹೊರಡಿಸುವುದು ಒಂದು ‘ಎ’. ಬಹುವಚನದ ಬಾಲದಲ್ಲಿ ಬರುವ ‘ಎನ್‌ಟಿ’ ಕಣ್ಣಿಗೆ ಮಾತ್ರ, ಕಿವಿಗಲ್ಲ.

ಆಮೇಲೆ ಒಡೆಯುವ ಕ್ರಮ ಹೇಳಿಕೊಟ್ಟರು. ಎರಡು ಸ್ವರದ ನಡುವೆ ಒಂದೇ ವ್ಯಂಜನ ಇದ್ದರೆ ಅದು ಮುಂದಿನ ಸ್ವರದ ಪಾಲು. ಎರಡು ವ್ಯಂಜನ ಇದ್ದರೆ ಹಿಂದಕ್ಕೊಂದು, ಮುಂದಕ್ಕೊಂದು. ಎರಡನೆಯದು ‘ರ’ ಅಥವಾ ‘ಲ’ ಆದರೆ ಮಾತ್ರ ಸಾಮಾನ್ಯವಾಗಿ ಜೋಡಿ ಮುರಿಯದೆ ಎರಡೂ ಮುಂದಕ್ಕೆ ಹೋಗುತ್ತವೆ. ‘ನನಗೆ ಬೇಕಿತ್ತು’ ಅಂತ ವಿನಯದಿಂದ ಕೇಳುವ ‘ವುದ್ರೆ’ ಆದ್ದರಿಂದ ವು-ದ್ರೆ. ಒಂದೇ ವ್ಯಂಜನ ಎರಡು ಸಲ ಬರೆದಿದ್ದರೆ ಕಾಗದದ ಮೇಲೆ ಸಾಲು ಮುಗಿದಾಗ ನಡುವೆ ಗೆರೆ ಹಾಕಿ ಒಡೆಯುತ್ತಾರೆ, ಬಾಯಲ್ಲಿ ಮಾತ್ರ ಅದು ಬಹುಮಟ್ಟಿಗೆ ಒಂದೇ. ನಮ್ಮ ‘ಅಪ್ಪ’ನಲ್ಲಿ ಒತ್ತು ಬಿಟ್ಟರೆ ಅಪ್ಪನೇ ಇಲ್ಲ. ಅವರಿಗೆ ಒತ್ತು ಬರೀ ಬರಹದ ಶೃಂಗಾರ.

ಇದಾದ ಮೇಲೆ ಇನ್ನೊಂದು ರೂಪ ತೋರಿಸಿದರು. ಅದೇ ಕ್ರಿಯಾಪದ, ಕರ್ತೃ ‘ನಾವು’. ‘ಮಾಡಿಯೇವು’ ಅಂದ ಹಾಗೆ. ಹದಿನಾಲ್ಕು ಅಕ್ಷರ, ಅಂದರೆ ಒಂದು ಕಡಿಮೆ. ಹಾಗಾದರೆ ಉಚ್ಚಾರವೂ ಚಿಕ್ಕದಿರಬೇಕಲ್ಲ? ಇಲ್ಲ. ತ್ರಾ-ವಾ-ಯ-ರ್ಯೋಂ. ನಾಲ್ಕು!

‘ಎಂತದೋ ಅದು, ಒಂದು ಸಲ ಮೂರು ಅಂತೀರಿ, ಒಂದು ಸಲ ನಾಲ್ಕು ಅಂತೀರಿ?’

ಕೇಳಿದ್ದು ನಾನಲ್ಲ. ಅಡಿಗೆಮನೆಯ ಬಾಗಿಲಲ್ಲಿ ಅವಲಕ್ಕಿ ತಟ್ಟೆ ಹಿಡಿದುಕೊಂಡು ಅಮ್ಮ ನಿಂತಿದ್ದರು.

ಅಮ್ಮನ ವಿಷಯ ಹೇಳಬೇಕು. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವರು. ಸಂಜೆ ನಮ್ಮ ಜಗಲಿಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳು ಕೂತು ಪದ್ಯಗಳಿಗೆ ಪ್ರಸ್ತಾರ ಹಾಕುತ್ತಿದ್ದರು. ಲಘುವಿಗೆ ಒಂದು ಅರ್ಧಚಂದ್ರ, ಗುರುವಿಗೆ ಒಂದು ಅಡ್ಡಗೆರೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನನಗೆ ಐದು ವರ್ಷಕ್ಕೆ ಉಗ್ಗು ಶುರುವಾದಾಗ ಮನೆಯಲ್ಲಿ ಎಲ್ಲರ ಮನೆಯ ಹಾಗೆ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿದರು. ದೃಷ್ಟಿ ತೆಗೆದರು. ಎರಡೂ ಆಗಲಿಲ್ಲ ಅಂದಾಗ ಅಮ್ಮ ತಮಗೆ ಗೊತ್ತಿದ್ದ ಔಷಧಿ ಕೈಗೆ ತೆಗೆದುಕೊಂಡರು. ನನ್ನನ್ನು ಎದುರಿಗೆ ಕೂರಿಸಿ ತೊಡೆಯ ಮೇಲೆ ತಾಳ ಹಾಕುತ್ತಾ, ‘ಹೊ-ಸ-ಮ-ನೆ. ನಾಲ್ಕೂ ಲಘು. ಭಯ ಪಡೋಕೆ ಅದರಲ್ಲಿ ಎಂತ ಇದೆ? ಹೇಳು.’

ತಾಳದ ಜೊತೆಗೆ ಹೇಳುತ್ತಿದ್ದೆ. ಸರಾಗವಾಗಿ ಬರುತ್ತಿತ್ತು. ಷಟ್ಪದಿಯನ್ನಂತೂ ಮೂರು-ನಾಲ್ಕು, ಮೂರು-ನಾಲ್ಕು ಅಂತ ಎಳೆದು ಹಾಡಿದರೆ ಒಂದು ಕಡೆಯೂ ತಡವರಿಸುತ್ತಿರಲಿಲ್ಲ. ತುಂಗೆಯ ದಡದ ಹೊಸಹಳ್ಳಿ ಗಮಕದ ಊರು, ಅಲ್ಲಿಂದ ಬಂದವರ ವಾಚನಕ್ಕೆ ಅಮ್ಮ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಮನೆಗೆ ಬಂದು ನಾನೂ ಹಾಗೇ ಹಾಡುತ್ತಿದ್ದೆ. ಹಾಡುವಾಗ, ಹತ್ತು ಜನರ ಜೊತೆ ಒಟ್ಟಿಗೆ ಹೇಳುವಾಗ ಉಗ್ಗು ಹೆಚ್ಚಿನವರಿಗೆ ಮಾಯವಾಗುತ್ತದೆ ಅಂತ ನನಗೆ ತಿಳಿದಿದ್ದು ಎಷ್ಟೋ ವರ್ಷದ ಮೇಲೆ. ಆಗ ಅಮ್ಮನಿಗೂ ಗೊತ್ತಿರಲಿಲ್ಲ. ಹಾಡಿದರೆ ಬರುತ್ತೆ, ಮಾತಾಡಿದರೆ ಬರಲ್ಲ ಅಂದರೆ ಏನರ್ಥ? ಗಮನ ಇಲ್ಲ ಅಂತಲೇ ಅರ್ಥ ಅಂದುಕೊಂಡರು. ಆಮೇಲೆ ನಾನು ಬಾಯಿ ತೆರೆದಾಗಲೆಲ್ಲ ‘ನಿಧಾನ, ನಿಧಾನ’. ಊಟಕ್ಕೆ ಕೂತಾಗ, ನೆಂಟರ ಮುಂದೆ, ಫೋನಿನಲ್ಲಿ, ಎಲ್ಲ ಕಡೆ ‘ನಿಧಾನ ಕಣೋ’. ಉಗ್ಗುವವನಿಗೆ ಜಗತ್ತು ಕೊಡುವ ಸಲಹೆ ಅದೊಂದೇ. ನನ್ನ ಮಾತು ಅಮ್ಮನಿಗೆ ತಿದ್ದಬೇಕಾದ ಉತ್ತರಪತ್ರಿಕೆಯ ಹಾಗೆ ಕಾಣುತ್ತಿದೆ ಅನ್ನಿಸತೊಡಗಿತು. ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಮನೆಯಲ್ಲಿ ಮಾತು ಕಡಿಮೆ ಮಾಡಿಬಿಟ್ಟೆ.

ಡಿಗ್ರಿ ಮುಗಿದ ಮೇಲೆ ಮೈಸೂರಿನ ಆಯಿಷ್‌ಗೆ ನಾನೇ ಹೋದೆ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1965ರಲ್ಲಿ ಶುರುವಾದದ್ದು. ಅಲ್ಲಿ ಕಲಿಸಿದ್ದು ಸ್ವರವನ್ನು ಎಳೆಯುವುದು, ಶಬ್ದದ ಬಾಗಿಲನ್ನು ಒದೆಯದೆ ಮೆಲ್ಲಗೆ ತಳ್ಳುವುದು. ‘ಇದು ವಾಸಿಯಾಗುವ ಜ್ವರ ಅಲ್ಲ, ಇದರ ಜೊತೆ ಮಾತಾಡೋದನ್ನ ಕಲೀಬೇಕು’ ಅಂದಿದ್ದರು. ಬಹಳ ಮಟ್ಟಿಗೆ ಕಲಿತೆ. ಹೆಸರು, ವಿಳಾಸ ಎರಡು ಉಳಿದವು.

ಈಗ ಅದೇ ಅಮ್ಮ, ರಿಟೈರಾಗಿ ಎಷ್ಟೋ ವರ್ಷ ಆದವರು, ಲ್ಯಾಪ್‌ಟಾಪಿನ ಎದುರು ಬಂದು ಕೂತರು. ನನಗೆ ಒಳಗೊಳಗೇ ಹಳೆಯ ಸಿಟ್ಟು ಮೇಲೆದ್ದಿತು. ಇನ್ನೇನು ತೊಡೆಯ ಮೇಲೆ ತಾಳ ಶುರುವಾಗುತ್ತದೆ ಅಂದುಕೊಂಡೆ. ಅವರಿಗೆ ಬೇಕಿದ್ದದ್ದು ಬೇರೆ.

‘ಮೂರು ಯಾಕೆ, ನಾಲ್ಕು ಯಾಕೆ? ಕೇಳು ಅವರನ್ನ.’

ಕೇಳಿದೆ. ಟೀಚರ್ ವಿವರಿಸಿದರು. ಫ್ರೆಂಚಿನಲ್ಲಿ ಒಂದು ಮೆಲುದನಿಯ ‘ಅ’ ಇದೆ, ಬರಹದಲ್ಲಿ ಇದ್ದೂ ಬಾಯಲ್ಲಿ ಬಿದ್ದುಹೋಗುವಂಥದ್ದು. ಯಾವಾಗ ಬೀಳುತ್ತದೆ, ಯಾವಾಗ ಉಳಿಯುತ್ತದೆ ಅನ್ನುವುದಕ್ಕೆ ಮೊರೀಸ್ ಗ್ರಾಮೋಂ ಎಂಬ ಭಾಷಾಶಾಸ್ತ್ರಜ್ಞ ‘ಮೂರು ವ್ಯಂಜನಗಳ ನಿಯಮ’ ಅಂತ ಒಂದು ಹೇಳಿದ್ದಾನೆ. ಆ ಸ್ವರ ಬಿದ್ದರೆ ಎರಡು ವ್ಯಂಜನ ಮಾತ್ರ ಒಟ್ಟಾಗುತ್ತವಾ, ಬೀಳಲಿ. ಮೂರು ಗುಡ್ಡೆಯಾಗುತ್ತವಾ, ಉಳಿಯಲಿ. ಶನಿವಾರಕ್ಕೆ ಬರೆಯುವುದು ‘ಸಾಮದಿ’, ಅನ್ನುವುದು ‘ಸಾಮ್ದಿ’. ಶುಕ್ರವಾರದ ‘ವಾಂದ್ರದಿ’ಯಲ್ಲಿ ಅದೇ ಸ್ವರ ಕಿತ್ತರೆ ದ, ರ, ದ ಮೂರೂ ಒಂದರ ಮೇಲೊಂದು ಬೀಳುತ್ತವೆ, ಆದ್ದರಿಂದ ಕೀಳುವುದಿಲ್ಲ. ನಮ್ಮ ಹದಿನೈದು ಅಕ್ಷರದ ಶಬ್ದದಲ್ಲಿ ಸ್ವರ ಬಿದ್ದರೆ ಉಳಿಯುವುದು ಯ್, ರ್ ಎರಡೇ. ಹದಿನಾಲ್ಕರದ್ದರಲ್ಲಿ ಯ್, ರ್, ಮತ್ತೆ ಯ್. ಮೂರು. ಹಾಗಾಗಿ ಅಲ್ಲಿ ಅದು ಬೀಳದೆ ನಿಂತಿದೆ, ಒಂದು ಉಸಿರು ಹೆಚ್ಚು.

ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವರು ಒಂದು ನಿಮಿಷ ಸುಮ್ಮನಿದ್ದರು. ಬಾಯೊಳಗೇ ಏನೋ ಅನ್ನುತ್ತಿದ್ದರು. ಆಮೇಲೆ ಅಂದರು, ‘ನಾವೂ ಹಾಗೇ ಅಲ್ವೇನೋ? ಬರೆಯೋದು ಮಾಡುತ್ತಾರೆ, ಅನ್ನೋದು ಮಾಡ್ತಾರೆ. ಕೊಳ್ಳುತ್ತಾರೆ ಅನ್ನೋದ್ರಲ್ಲಿ ಉಕಾರ ಬಿಟ್ಟರೆ ಎಷ್ಟು ವ್ಯಂಜನ ಬೀಳುತ್ತೆ ನೋಡು. ಅದಕ್ಕೆ ಒತ್ತನ್ನೂ ಬಿಟ್ಟು ಕೊಳ್ತಾರೆ ಅಂತೀವಿ.’

ಮೂವತ್ತನಾಲ್ಕು ವರ್ಷ ಕನ್ನಡ ಮಾತಾಡಿದ್ದೇನೆ, ಅಥವಾ ಮಾತಾಡಲು ಪ್ರಯತ್ನಪಟ್ಟಿದ್ದೇನೆ. ಇದು ಹೊಳೆದಿರಲಿಲ್ಲ.

ಆವತ್ತು ಕ್ಲಾಸು ಮುಗಿದ ಮೇಲೂ ಅಮ್ಮ ಬಿಡಲಿಲ್ಲ. ಹಳೆ ನೋಟುಪುಸ್ತಕ ತಂದರು. ‘ಬರಹದಲ್ಲಿ ನಾವು ಕರ್ತ ಅನ್ನೋದನ್ನ ಕ, ರ್ತ ಅಂತ ಒಡೀತೀವಿ. ಬಾಯಿ ಹಾಗೆ ಒಡೆಯಲ್ಲ. ಕರ್, ತ. ಅದಕ್ಕೇ ಒತ್ತಕ್ಷರದ ಹಿಂದಿನದು ಗುರು ಅಂತ ಛಂದಸ್ಸು ಹೇಳೋದು. ಕಣ್ಣಿನ ಲೆಕ್ಕ ಬೇರೆ, ಕಿವಿಯ ಲೆಕ್ಕ ಬೇರೆ.’ ಆಮೇಲೆ ಶಿಥಿಲ ದ್ವಿತ್ವ ಬಂತು. ಹಳಗನ್ನಡದಲ್ಲಿ ‘ಎರ್ದೆ’, ‘ಅಮರ್ದು’ ಅಂಥ ಕಡೆ ಒತ್ತು ಬರೆದಿದ್ದರೂ ಅದನ್ನು ಸಡಿಲವಾಗಿ ತೇಲಿಸಿ ಉಚ್ಚರಿಸುವುದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಹದಿಮೂರನೇ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಇದರ ವಿಚಾರ ಮಾಡಿದ್ದಾನೆ. ‘ಬರೆದದ್ದೆಲ್ಲ ಗಟ್ಟಿಯಾಗಿ ಹೇಳೋಕಲ್ಲ ಅಂತ ಅವನಿಗೂ ಗೊತ್ತಿತ್ತು, ನಿನ್ನ ಫ್ರೆಂಚಿನವರಿಗೂ ಗೊತ್ತು.’

ನಾನು ಸುಮ್ಮನೆ ‘ಹೊಸಮನೆ’ಗೆ ಪ್ರಸ್ತಾರ ಹಾಕಿದೆ. ನಾಲ್ಕು ಅರ್ಧಚಂದ್ರ. ಆದರೆ ಈ ಊರಲ್ಲಿ ಆಟೋದವರಿಂದ ಹಿಡಿದು ಪೋಸ್ಟ್‌ಮ್ಯಾನ್ ತನಕ ಹೆಚ್ಚಿನವರು ಅನ್ನುವುದು ‘ಹೊಸ್ಮನೆ’. ಅದಕ್ಕೂ ಹಾಕಿದೆ. ‘ಹೊ’ದ ಮುಂದೆ ಈಗ ಒತ್ತು ಬಂತು, ಹಾಗಾಗಿ ಅದು ಗುರು. ಉಳಿದೆರಡು ಲಘು. ಉಸಿರು ನಾಲ್ಕರಿಂದ ಮೂರಕ್ಕಿಳಿಯಿತು, ಮಾತ್ರೆ ಮಾತ್ರ ನಾಲ್ಕೇ. ಬಿದ್ದ ಸ್ವರದ ಹೊತ್ತನ್ನು ಹಿಂದಿನ ಅಕ್ಷರ ತನ್ನ ಹೆಗಲಿಗೆ ಹಾಕಿಕೊಂಡಿದೆ. ಅಮ್ಮನಿಗೆ ತೋರಿಸಿದೆ. ಕನ್ನಡಕ ಮೇಲೆ ಮಾಡಿ ನೋಡಿ, ‘ಸರಿ ಇದೆ’ ಅಂತ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ರೈಟ್ ಹಾಕಿದರು. ಮಾಷ್ಟರ ಚಾಳಿ.

ಅಂದಿನಿಂದ ದಿನಾ ಸಂಜೆ ಅಮ್ಮನೂ ಕ್ಲಾಸಿಗೆ ಹಾಜರು. ಫ್ರೆಂಚಿನ ‘ರ’ ಕೇಳಿ, ‘ಬೆಳಗ್ಗೆ ಹಲ್ಲುಜ್ಜುವಾಗ ನಿಮ್ಮಪ್ಪ ಗಂಟಲಲ್ಲಿ ಮಾಡ್ತಿದ್ದರಲ್ಲ, ಆ ಶಬ್ದ’ ಅಂತ ನಕ್ಕರು.

ಎರಡನೇ ವಾರ ಸಂಧಿ ಬಂತು. ಅವರು ಅದನ್ನು ಲಿಯೇಜೋಂ ಅನ್ನುತ್ತಾರೆ. ‘ಅವರು ಬರುತ್ತಿದ್ದರು’ ಅನ್ನುವುದಕ್ಕೆ ‘ಇಲ್’, ‘ಆರಿವೆ’ ಅಂತ ಎರಡು ಶಬ್ದ. ‘ಇಲ್’ನ ಕೊನೆಯಲ್ಲಿ ಬರೆದಿರುವ ‘ಸ’ ಬೇರೆ ಹೊತ್ತಲ್ಲಿ ಮೌನ. ಮುಂದೆ ಸ್ವರ ಬಂದರೆ ಎದ್ದು ‘ಜ’ಕಾರದ ಹಾಗೆ ಹೋಗಿ ಮುಂದಿನ ಶಬ್ದಕ್ಕೆ ಅಂಟಿಕೊಳ್ಳುತ್ತದೆ: ಇಲ್-ಜಾ-ರಿ-ವೆ. ‘ಅವನು ಮಾತಾಡುತ್ತಾನಾ?’ ಅಂತ ಕೇಳುವಾಗ ಎರಡು ಸ್ವರ ಡಿಕ್ಕಿ ಹೊಡೆಯಬಾರದು ಅಂತ ಎಲ್ಲಿಂದಲೋ ಒಂದು ‘ತ’ ತಂದು ನಡುವೆ ಇಡುತ್ತಾರೆ: ಪಾರ್ಲ್-ತಿಲ್. ‘ಇದು ಆಗಮ!’ ಅಂತ ಅಮ್ಮ ಕುರ್ಚಿಯಿಂದ ಏಳುವುದೊಂದು ಬಾಕಿ. ‘ಮನೆ, ಇಂದ. ಮನೆಯಿಂದ. ನಮಗೆ ಯಕಾರ, ಅವರಿಗೆ ತಕಾರ.’

ಅಮ್ಮನಿಗೆ ವ್ಯಾಕರಣ ಸಿಕ್ಕಿತು. ನನಗೆ ಸಿಕ್ಕಿದ್ದು ಬೇರೆ. ಉಗ್ಗು ಹೆಚ್ಚಾಗಿ ಕಾದು ಕೂರುವುದು ಶಬ್ದದ ಬಾಗಿಲಲ್ಲಿ, ಮೊದಲ ಅಕ್ಷರದಲ್ಲಿ. ಈ ಭಾಷೆಯಲ್ಲಿ ಎಷ್ಟೋ ಕಡೆ ಬಾಗಿಲೇ ಇಲ್ಲ! ಒಂದು ಶಬ್ದದ ಕೊನೆ ಇನ್ನೊಂದರ ಮೊದಲಾಗುತ್ತದೆ. ಉಚ್ಚಾರದಲ್ಲಿ ಒಂದೊಂದು ಶಬ್ದಕ್ಕೂ ಬೇರೆ ಬೇರೆ ಒತ್ತಿಲ್ಲ, ಇಡೀ ಗುಂಪಿಗೆ ಸೇರಿ ಕೊನೆಯಲ್ಲಿ ಒಂದು ಎಳೆತ, ಅಷ್ಟೇ. ಉಳಿದದ್ದೆಲ್ಲ ಜಪಮಣಿ ಸರಿಸಿದ ಹಾಗೆ ಹೆಚ್ಚುಕಡಿಮೆ ಒಂದೇ ಸಮ.

ನನ್ನ ಹೆಸರು ಅರವಿಂದ. ‘ಅ’ದಿಂದ ಶುರುವಾಗುವ ಹೆಸರನ್ನು ಹೇಳುವುದಕ್ಕೆ ಮೊದಲು ಗಂಟಲು ಮುಚ್ಚಿ ತೆರೆಯಬೇಕು. ನನ್ನದು ಮುಚ್ಚುತ್ತದೆ, ತೆರೆಯುವುದಿಲ್ಲ. ಇಂಟರ್‌ವ್ಯೂಗಳಲ್ಲಿ, ಮೀಟಿಂಗಿನ ಪರಿಚಯದ ಸುತ್ತಿನಲ್ಲಿ, ಎಲ್ಲರೂ ಒಬ್ಬೊಬ್ಬರಾಗಿ ಹೆಸರು ಹೇಳುತ್ತಾ ನನ್ನ ಕಡೆ ಬರುತ್ತಿರುವಾಗ ನಾನು ಎಷ್ಟು ಸಲ ಎದ್ದು ಬಾತ್‌ರೂಮಿಗೆ ಹೋಗಿದ್ದೇನೋ. ಫ್ರೆಂಚಿನಲ್ಲಿ ಹೆಸರು ಹೇಳುವುದಕ್ಕೆ ಒಂದು ಕ್ರಿಯಾಪದ ಇದೆ, ‘ನನ್ನನ್ನು ನಾನು ಕರೆದುಕೊಳ್ಳುತ್ತೇನೆ’ ಅನ್ನುವ ಥರದ್ದು: ‘ಜ ಮಾಪೆಲ್’. ಅದರ ಕೊನೆಯ ‘ಲ’ ಮುಂದಿನ ಸ್ವರದ ಪಾಲು. ಮೊದಲನೇ ನಿಯಮ.

ಜ-ಮಾ-ಪೆ-ಲ-ರ-ವಿಂ-ದ.

ಬಂತು. ಯಾವ ಅಡ್ಡಿಯೂ ಇಲ್ಲದೆ, ನೀರಿನ ಹಾಗೆ. ‘ಅ’ ಅಲ್ಲಿ ಇರಲೇ ಇಲ್ಲ, ‘ಲ’ದ ಬೆನ್ನ ಮೇಲೆ ಕೂತು ದಾಟಿಹೋಗಿತ್ತು. ಇನ್ನೊಂದು ಸಲ ಹೇಳಿದೆ. ಟೀಚರ್ ‘ತ್ರೆ ಬ್ಯಾಂ’ ಅಂದು ಮುಂದಿನವರ ಕಡೆ ಹೋದರು. ಅವರಿಗೆ ಅದು ಮೊದಲನೇ ಪಾಠದ ವಾಕ್ಯ. ನಾನು ಕ್ಯಾಮೆರಾ ಆಫ್ ಮಾಡಿ ಸ್ವಲ್ಪ ಹೊತ್ತು ಕೂತೆ.

ರಾತ್ರಿ ಊಟ ಮಾಡುವಾಗ ಅಮ್ಮನಿಗೆ ಹೇಳಿದೆ. ಕನ್ನಡದಲ್ಲೂ ಮಾಡಬಹುದಲ್ಲ, ಲೋಪಸಂಧಿ ಇದೆಯಲ್ಲ ಅಂದೆ. ‘ಹೆಸರು’, ‘ಅರವಿಂದ’ ಸೇರಿದರೆ ಉಕಾರ ಲೋಪ. ‘ನನ್ನ ಹೆಸರರವಿಂದ.’ ಅದೂ ಬಂತು. ಅಮ್ಮ ನಗಲಿಲ್ಲ. ತಟ್ಟೆಯಲ್ಲಿ ಅನ್ನ ಕಲೆಸುತ್ತಾ ಇದ್ದರು.

‘ಕನ್ನಡದಲ್ಲೂ ಉದ್ದದ ಕ್ರಿಯಾಪದ ಇದೆ ಕಣೋ’ ಅಂದರು. ‘ಹೇಳಿಸಿಕೊಳ್ಳಬೇಕಾಗಿರಲಿಲ್ಲ. ಎಣಿಸು.’

ಬೆರಳು ಮಡಿಚಿದೆ. ಹನ್ನೊಂದು ಅಕ್ಷರ. ಬಾಯಲ್ಲಿ ‘ಹೇಳಿಸ್ಕೋಬೇಕಾಗಿರ್ಲಿಲ್ಲ’, ಎಂಟು.

‘ನಿನ್ನ ಏಳನೇ ಕ್ಲಾಸಲ್ಲಿ, ಹಾಜರಿ ಕೂಗುವಾಗ ನೀನು ಎಸ್ ಸಾರ್ ಅನ್ನೋಕೆ ಆಗದೆ ನಿಂತಿದ್ದಾಗ, ಆ ಮೇಷ್ಟ್ರು ನಿನ್ನ ಹಾಗೇ ಉಗ್ಗಿ ತೋರಿಸಿದ್ದರಲ್ಲ. ಇಡೀ ಕ್ಲಾಸು ನಕ್ಕಿತ್ತಂತಲ್ಲ.’

ನನ್ನ ಕೈ ನಿಂತಿತು. ಅದನ್ನು ನಾನು ಮನೆಯಲ್ಲಿ ಹೇಳಿಯೇ ಇರಲಿಲ್ಲ.

‘ನನಗೆ ಆವತ್ತೇ ಗೊತ್ತಾಗಿತ್ತು. ಅವರು ಪರಿಚಯದವರು. ಟ್ರೈನಿಂಗು, ಮೌಲ್ಯಮಾಪನ ಅಂತ ವರ್ಷಕ್ಕೆ ನಾಲ್ಕು ಸಲ ಮುಖ ನೋಡಬೇಕು. ಹೋಗಿ ಕೇಳ್ಬೇಕು ಅಂದ್ಕೊಂಡೆ, ಕೇಳಲಿಲ್ಲ. ನೀನೇ ಸರಿಯಾಗಿ ಮಾತಾಡೋ ಹಾಗೆ ಮಾಡಿಬಿಟ್ಟರೆ ಯಾರೂ ಏನೂ ಅನ್ನಲ್ಲ ಅಂದ್ಕೊಂಡು ಇನ್ನೂ ಜಾಸ್ತಿ ತಾಳ ಹಾಕಿಸಿದೆ.’ ಸ್ವಲ್ಪ ತಡೆದು ಅಂದರು, ‘ನೀನು ಅದನ್ನ ಹೇಳಿಸ್ಕೋಬೇಕಾಗಿರ್ಲಿಲ್ಲ.’

ಏನಾದರೂ ಹೇಳಬೇಕು ಅನ್ನಿಸಿತು. ‘ಪರವಾಗಿಲ್ಲಮ್ಮ’ ಅನ್ನಲು ಹೋದೆ. ‘ಪ’ದಲ್ಲಿ ಸಿಕ್ಕಿಹಾಕಿಕೊಂಡೆ. ತುಟಿ ಎರಡೂ ಒತ್ತಿಕೊಂಡು ಬಿಡಲೇ ಇಲ್ಲ. ಅಮ್ಮನ ಬಾಯಲ್ಲಿ ‘ನಿಧಾನ’ ಬಂದು ನಿಂತದ್ದು ಕಾಣಿಸಿತು. ಅವರು ಅದನ್ನು ಅನ್ನಲಿಲ್ಲ. ನನ್ನ ಮುಖ ನೋಡುತ್ತಾ ಕಾದರು. ಎಷ್ಟು ಹೊತ್ತೋ. ಹೊರಗೆ ಮಳೆ ಸುರಿಯುತ್ತಲೇ ಇತ್ತು.

‘ಪರವಾಗಿಲ್ಲ’ ಅಂದೆ ಕೊನೆಗೆ. ‘ಮಜ್ಜಿಗೆ ಹಾಕಲಾ?’ ಅಂದರು.

ಸೆಪ್ಟೆಂಬರಿನಲ್ಲಿ ಪರೀಕ್ಷೆ ಬರೆದೆ. ಟೆಫ್ ಕೆನಡಾದ ಮಾತಿನ ಭಾಗದಲ್ಲಿ ಎರಡು ಹಂತ. ಮೊದಲ ಐದು ನಿಮಿಷ ಒಂದು ಜಾಹೀರಾತು ನೋಡಿ ಫೋನಿನಲ್ಲಿ ವಿಚಾರಿಸುವವರ ಹಾಗೆ ಪ್ರಶ್ನೆ ಕೇಳಬೇಕು, ಆಮೇಲೆ ಹತ್ತು ನಿಮಿಷ ಸ್ನೇಹಿತನೊಬ್ಬನನ್ನು ಯಾವುದಕ್ಕೋ ಒಪ್ಪಿಸಬೇಕು. ಫೋನು ಅಂದರೆ ನಮಗೆ ಯಮ. ‘ತಾವು ದಯವಿಟ್ಟು…’ ಅನ್ನುವುದಕ್ಕೆ ‘ಪುರ್ಯೇ ವು’ ಅನ್ನಬೇಕು, ಅದು ‘ಪ’. ತುಟಿ ಒತ್ತಿಕೊಂಡಿತು. ಪರೀಕ್ಷಕಿ ಕಾದರು. ನಾನು ವಾಕ್ಯ ಬಿಟ್ಟು, ಮುಂದೆ ‘ಎಸ್ಕ ವು’ ಸೇರಿಸಿ ಓಡಿ ಬಂದೆ: ಎಸ್-ಕ-ವು-ಪು-ರ್ಯೇ. ದಾಟಿತು. ಆದರೆ ಎಲ್ಲ ಕಡೆ ದಾಟಲಿಲ್ಲ. ಎರಡನೇ ಹಂತದಲ್ಲಿ ನನ್ನ ಸ್ನೇಹಿತ ಒಪ್ಪುವಷ್ಟರಲ್ಲಿ ಸಮಯ ಮುಗಿಯಿತು. ಫಲಿತಾಂಶ ಬಂದಾಗ ಮೂರರಲ್ಲಿ ಏಳು ದಾಟಿತ್ತು, ಮಾತಿನಲ್ಲಿ ಆರು. 50 ಅಂಕ ಸದ್ಯಕ್ಕಿಲ್ಲ. ಮತ್ತೆ ಬರೆಯುತ್ತೇನೆ. ಉಗ್ಗು ಹೋಯಿತಾ ಅಂತ ಕೇಳಬೇಡಿ, ಹೋಗಿಲ್ಲ. ಫ್ರೆಂಚ್ ಔಷಧಿಯಲ್ಲ, ಬಜೆಯ ಹಾಗೆಯೇ. ಶಬ್ದವನ್ನು ಗೋಡೆಯ ಹಾಗೆ ನೋಡುತ್ತಿದ್ದವನು ಈಗ ಅದರ ಬೆಸುಗೆ ಎಲ್ಲೆಲ್ಲಿದೆ ಅಂತ ನೋಡುತ್ತೇನೆ, ಅಷ್ಟೇ.

ಹೋದ ತಿಂಗಳು ಊರಿಗೆ ಹೋಗಿದ್ದಾಗ ಅಮ್ಮನಿಗೆ ತರಿಸಿದ ಹೊಸ ಕನ್ನಡಕದ ಪಾರ್ಸೆಲ್ ಬರುವುದಿತ್ತು. ಕೊರಿಯರ್ ಆಫೀಸಿನಿಂದ ಫೋನ್. ‘ಸರ್, ಅಡ್ರೆಸ್ ಸರಿಯಾಗಿ ಕಾಣ್ತಿಲ್ಲ, ಯಾವ ಏರಿಯಾ?’ ಇಂಥ ಫೋನುಗಳನ್ನೆಲ್ಲ ಇಷ್ಟು ವರ್ಷ ಅಮ್ಮನಿಗೆ ಕೊಟ್ಟುಬಿಡುತ್ತಿದ್ದೆ, ಅವರೇ ಕೈ ಚಾಚುತ್ತಿದ್ದರು. ಈ ಸಲ ಅವರು ಪಕ್ಕದಲ್ಲೇ ಕೂತು ಬೀನ್ಸ್ ಹೆಚ್ಚುತ್ತಿದ್ದರು. ತಲೆ ಎತ್ತಿ ನೋಡಿ, ಮತ್ತೆ ಹೆಚ್ಚುವುದಕ್ಕೆ ಶುರು ಮಾಡಿದರು.

‘ಹೊ…’

ಗಾಳಿ ಹೋಯಿತು, ದನಿ ಬರಲಿಲ್ಲ. ‘ಹಲೋ? ಹಲೋ ಸರ್?’ ಅಂತು ಆ ಕಡೆಯ ಹುಡುಗಿ. ಅಮ್ಮನ ಚಾಕು ನಿಂತಿತು. ಅವರು ನನ್ನ ಕಡೆ ನೋಡಲಿಲ್ಲ.

‘ನಮ್ದು ಹೊಸ್ಮನೆ’ ಅಂದೆ. ಗುರು, ಲಘು, ಲಘು.

‘ಸಾರಿ ಸರ್, ಯಾವ ಹೊಸ್ಮನೆ? ಶಿವಮೊಗ್ಗದ್ದಾ, ಭದ್ರಾವತಿದ್ದಾ?’

ಭದ್ರಾವತಿಯಲ್ಲೂ ಒಂದು ಹೊಸಮನೆ ಇದೆ ಅನ್ನುವುದು ನನಗೆ ಮರೆತೇ ಹೋಗಿತ್ತು. ಅಮ್ಮ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ನಾನು ಒಮ್ಮೆ ಉಸಿರು ತೆಗೆದುಕೊಂಡು ಮತ್ತೆ ಮೊದಲಿಂದ ಶುರು ಮಾಡಿದೆ.